ಸ್ಟ್ಯಾಂಪಿನ ಜೊತೆಗೆ ಮತ್ತೇನು? ಭ್ರಮಾಜನಕ ಬಳಸಿದ ಹದಿಹರೆಯದವರಲ್ಲಿ ಉಳಿದ ವ್ಯಸನಗಳನ್ನು ಕಂಡುಕೊಳ್ಳುವ ಬಗೆ

ಮಗನ ಮೊಬೈಲ್ ಕವರಿನ ಹಿಂದೆ ಚಿತ್ರ ಮುದ್ರಿಸಿದ, ಕಿರುಬೆರಳಿನ ಉಗುರಿನಷ್ಟು ಚಿಕ್ಕ ಕಾಗದದ ಚೂರೊಂದು ಸಿಕ್ಕಿತೆಂದು ಹೇಳಲು ಬರುವ ತಂದೆತಾಯಿಗಳ ಕೈ ನಡುಗುತ್ತಿರುತ್ತದೆ. ಹುಡುಗರು ಅದನ್ನು ‘ಸ್ಟ್ಯಾಂಪ್’ ಎನ್ನುತ್ತಾರೆ. ಅದು ಎಲ್‌ಎಸ್‌ಡಿ ಎಂಬ ಭ್ರಮಾಜನಕವನ್ನು, ಅಂದರೆ ಇಲ್ಲದ್ದನ್ನು ಕಾಣಿಸುವ ಮಾದಕವನ್ನು, ಹೀರಿಸಿದ ಕಾಗದವಾಗಿರಬಹುದು, ಅಥವಾ ಎಲ್‌ಎಸ್‌ಡಿ ಎಂಬ ಹೆಸರಿನಲ್ಲಿ ಮಾರಿದ ಬೇರೆ ರಾಸಾಯನಿಕವಾಗಿರಬಹುದು. ಉತ್ತರ ಕನ್ನಡ ಜಿಲ್ಲೆಯ ಕುಮಟಾ, ಅಂಕೋಲಾ ಕಡೆಯ ಪದವಿಪೂರ್ವ ವಿದ್ಯಾರ್ಥಿಗಳಿಗೆ ಆಪ್ತಸಮಾಲೋಚನೆ ಮಾಡುತ್ತ ಬಂದಿರುವ ನಾನು ಅಂಥ ತಂದೆತಾಯಿಗಳನ್ನು ಮೊದಲು ಕೂರಿಸಿ ಸಮಾಧಾನಪಡಿಸುತ್ತೇನೆ, ಆಮೇಲೆ ಇದಲ್ಲದೆ ಮತ್ತೇನೇನು ಇದೆ ಎಂದು ಕೇಳುತ್ತೇನೆ. ಬರುವ ಉತ್ತರ ಹೆಚ್ಚುಕಡಿಮೆ ಒಂದೇ: “ಮತ್ತೆಂತದೂ ಇಲ್ರಾ ಮೇಡಂ, ಕವಳ ಹಾಕ್ತಾನೆ, ಅಷ್ಟೇಯ.” ಕವಳವೆಂದರೆ ನಮ್ಮ ಕಡೆಯ ಎಲೆಅಡಿಕೆ.

ಆ ‘ಅಷ್ಟೇ’ ಎಂಬ ಮಾತಿನ ಹಿಂದೆ ಏನಿದೆ ಎಂದು ನೋಡುವುದು ಹೇಗೆ ಎಂಬುದನ್ನು ಪಾಲಕರಿಗೆ, ಶಿಕ್ಷಕರಿಗೆ ಮತ್ತು ಹಾಸ್ಟೆಲ್ ಮೇಲ್ವಿಚಾರಕರಿಗೆ ತಿಳಿಸಲು ಇದನ್ನು ಬರೆದಿದ್ದೇನೆ. ಸ್ಟ್ಯಾಂಪ್ ಮನೆಯವರನ್ನು ಬೆಚ್ಚಿಬೀಳಿಸುತ್ತದೆ, ನಿಜ. ಆದರೆ ಮಗುವನ್ನು ದಿನದಿನವೂ ಕಟ್ಟಿಹಾಕಿರುವುದು ಬಹಳ ಸಲ ಅದರ ಪಕ್ಕದಲ್ಲಿ ಸದ್ದಿಲ್ಲದೆ ಕುಳಿತಿರುವ ಬೇರೆ ವಸ್ತು.

ಒಂದೇ ವಸ್ತುವನ್ನು ಕೇಳಿದರೆ ಏಕೆ ಸಾಲದು

ಎಲ್‌ಎಸ್‌ಡಿ ಮತ್ತು ಸಿಲೊಸೈಬಿನ್ ಎಂಬ ಭ್ರಮಾಜನಕ ಇರುವ ಅಣಬೆಗಳಿಗೆ ದೇಹ ಬಹಳ ಬೇಗ ಒಗ್ಗಿಕೊಳ್ಳುತ್ತದೆ. ಒಂದರ ಮೇಲೊಂದು ದಿನ ತೆಗೆದುಕೊಂಡರೆ ಮೊದಲಿನ ಪರಿಣಾಮವೇ ಸಿಗುವುದಿಲ್ಲ, ಒಂದಕ್ಕೆ ಒಗ್ಗಿದ ದೇಹ ಇನ್ನೊಂದಕ್ಕೂ ಒಗ್ಗಿರುತ್ತದೆ. ಬಿಟ್ಟಾಗ ಮೈ ನಡುಗುವ, ವಾಂತಿಯಾಗುವ ತೊಂದರೆಯೂ ಸಾಮಾನ್ಯವಾಗಿ ಇರುವುದಿಲ್ಲ. ಹೀಗಾಗಿ ಸ್ಟ್ಯಾಂಪನ್ನು ಪ್ರತಿದಿನ ಬಳಸುವವರು ಅಪರೂಪ. ತಿಂಗಳಿಗೊಮ್ಮೆ, ರಜೆಯಲ್ಲೊಮ್ಮೆ ಅದನ್ನು ತೆಗೆದುಕೊಳ್ಳುವ ಹುಡುಗ ನಡುವಿನ ಇಪ್ಪತ್ತೊಂಬತ್ತು ದಿನ ಏನು ಮಾಡುತ್ತಾನೆ ಎಂಬುದೇ ನಾವು ತಿಳಿಯಬೇಕಾದ ಸಂಗತಿ. ಅಮೆರಿಕದಲ್ಲಿ 12ರಿಂದ 17 ವರ್ಷದವರನ್ನೂ ಒಳಗೊಂಡು ನಡೆಯುವ ರಾಷ್ಟ್ರೀಯ ಸಮೀಕ್ಷೆಗಳಲ್ಲಿ ಭ್ರಮಾಜನಕ ಬಳಸಿದೆನೆಂದ ಮಕ್ಕಳ ಪೈಕಿ ಹೆಚ್ಚಿನವರು ಮದ್ಯ, ತಂಬಾಕು, ಗಾಂಜಾಗಳನ್ನೂ ಬಳಸಿರುವುದು ಮತ್ತೆಮತ್ತೆ ಕಂಡುಬಂದಿದೆ.

ನಮ್ಮ ದೇಶದ ಚಿತ್ರವೂ ಇದಕ್ಕೆ ಪೂರಕವಾಗಿದೆ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ 10ರಿಂದ 75 ವರ್ಷದವರಲ್ಲಿ ಭ್ರಮಾಜನಕ ಬಳಸಿದವರು ಶೇ. 0.12 ಮಾತ್ರ, ಗಾಂಜಾ, ಭಂಗಿ ಬಳಸಿದವರು ಶೇ. 2.8, ಮದ್ಯ ಸೇವಿಸಿದವರು ಶೇ. 14.6. ಅದೇ ಸಮೀಕ್ಷೆಯಲ್ಲಿ ನನ್ನನ್ನು ಹೆಚ್ಚು ಕಾಡಿದ ಅಂಕಿ ಬೇರೆಯದು: ಮೂಸಿ ಸೇದುವ ವಸ್ತುಗಳನ್ನು ಬಳಸುವ ವಯಸ್ಕರು ಶೇ. 0.58 ಇದ್ದರೆ, 10ರಿಂದ 17 ವರ್ಷದ ಮಕ್ಕಳು ಶೇ. 1.17 ಇದ್ದರು. ದೊಡ್ಡವರಿಗಿಂತ ಮಕ್ಕಳಲ್ಲೇ ಹೆಚ್ಚಾಗಿರುವ ಈ ಅಭ್ಯಾಸದ ಬಗ್ಗೆ, ಅಂದರೆ ವೈಟ್ನರ್, ಪಂಕ್ಚರ್ ಹಾಕುವ ಸಲ್ಯೂಷನ್, ಪೆಟ್ರೋಲುಗಳ ಬಗ್ಗೆ, ಕೇಳುವುದನ್ನು ನಾವು ಸಾಮಾನ್ಯವಾಗಿ ಮರೆತೇಬಿಡುತ್ತೇವೆ.

2013ರಲ್ಲಿ ಬಂದ ಅಮೆರಿಕದ ಮನೋವೈದ್ಯರ ರೋಗನಿರ್ಣಯ ಕೈಪಿಡಿಯ ಐದನೆಯ ಆವೃತ್ತಿ ಇನ್ನೊಂದು ಮುಖ್ಯ ವಿಷಯವನ್ನು ಸ್ಪಷ್ಟಪಡಿಸುತ್ತದೆ. ಪ್ರತಿ ವಸ್ತುವಿನ ವ್ಯಸನವನ್ನೂ ಅದು ಬೇರೆಬೇರೆಯಾಗಿಯೇ ಅಳೆಯುತ್ತದೆ. ಹಿಂದಿನ 12 ತಿಂಗಳಲ್ಲಿ ಕಂಡ ಲಕ್ಷಣಗಳು 2 ಅಥವಾ 3 ಇದ್ದರೆ ಸೌಮ್ಯ, 4 ಅಥವಾ 5 ಇದ್ದರೆ ಮಧ್ಯಮ, 6 ಅಥವಾ ಹೆಚ್ಚಿದ್ದರೆ ತೀವ್ರ. ಆದ್ದರಿಂದ ಒಬ್ಬನೇ ಹುಡುಗನಿಗೆ ಭ್ರಮಾಜನಕದ ಮಟ್ಟಿಗೆ ಸೌಮ್ಯ ಸಮಸ್ಯೆ, ಗಾಂಜಾದ ಮಟ್ಟಿಗೆ ತೀವ್ರ ಸಮಸ್ಯೆ, ತಂಬಾಕಿನ ಮಟ್ಟಿಗೆ ಮಧ್ಯಮ ಸಮಸ್ಯೆ ಏಕಕಾಲಕ್ಕೆ ಇರಬಹುದು. ಸ್ಟ್ಯಾಂಪನ್ನು ಮಾತ್ರ ಕೇಳಿದರೆ ‘ಸೌಮ್ಯ’ ಎಂಬ ಸಮಾಧಾನದೊಂದಿಗೆ ಮನೆಗೆ ಹೋಗುತ್ತೇವೆ.

ಗೋಕರ್ಣದ ಕುಡ್ಲೆ, ಓಂ ಬೀಚುಗಳಿಗೆ ಹೊರಗಿನಿಂದ ಬಂದವರ ಮೇಲೆ ಎಲ್ಲ ದೋಷವನ್ನೂ ಹೊರಿಸುವುದು ನಮ್ಮ ಜಿಲ್ಲೆಯಲ್ಲಿ ಸುಲಭವಾಗಿಬಿಟ್ಟಿದೆ. ಆದರೆ ಕವಳದ ತಟ್ಟೆಯಲ್ಲಿರುವ ತಂಬಾಕನ್ನಾಗಲಿ, ಮದುವೆಯ ಹಿಂದಿನ ರಾತ್ರಿ ಅಂಗಳದ ಮೂಲೆಯಲ್ಲಿ ಹುಡುಗರ ಕೈಗೆ ಬರುವ ಬಿಯರನ್ನಾಗಲಿ, ಅಜ್ಜಿಯ ಔಷಧದ ಡಬ್ಬಿಯಲ್ಲಿರುವ ನಿದ್ರೆಯ ಮಾತ್ರೆಯನ್ನಾಗಲಿ ಯಾವ ಪ್ರವಾಸಿಯೂ ತಂದುಕೊಟ್ಟದ್ದಲ್ಲ. ಹಾಗಾಗಿ ಹುಡುಕಾಟ ಮನೆಯಿಂದಲೇ ಶುರುವಾಗಲಿ.

ಕೇಳುವ ಕ್ರಮ

ವಸ್ತು ಸಿಕ್ಕ ದಿನವೇ ಕೇಳಬೇಡಿ. ಅಂದು ನಿಮ್ಮ ಮನಸ್ಸು ಹತೋಟಿಯಲ್ಲಿರುವುದಿಲ್ಲ, ಅವನ ಮೈಯಲ್ಲಿ ಇನ್ನೂ ಅಮಲಿರಬಹುದು. ಎಲ್‌ಎಸ್‌ಡಿಯ ಪರಿಣಾಮ 6ರಿಂದ 12 ಗಂಟೆ ಉಳಿಯುತ್ತದೆ, ಅಣಬೆಯದು 4ರಿಂದ 6 ಗಂಟೆ. ಅವನು ನಿದ್ದೆ ಮಾಡಿ ಎದ್ದು, ಉಂಡು, ಸರಿಯಾಗಿ ಮಾತನಾಡುವ ಸ್ಥಿತಿಗೆ ಬಂದ ಮೇಲೆ ಒಬ್ಬರೇ ಕೂತು ಮಾತನಾಡಿ. ಅಜ್ಜ ಅಜ್ಜಿ, ಚಿಕ್ಕಪ್ಪ, ಪಕ್ಕದ ಮನೆಯವರು ಸುತ್ತ ಕುಳಿತ ಪಂಚಾಯ್ತಿಯಲ್ಲಿ ಯಾವ ಮಗುವೂ ಸತ್ಯ ಹೇಳಿದ್ದನ್ನು ನಾನು ಕಂಡಿಲ್ಲ. ತೋಟದ ದಾರಿಯಲ್ಲಿ ನಡೆಯುತ್ತಲೋ, ಸ್ಕೂಟರ್ ನಿಲ್ಲಿಸಿ ದಂಡೆಯ ಮೇಲೆ ಕೂತೋ, ಒಬ್ಬರ ಮುಖ ಒಬ್ಬರು ನೋಡಲೇಬೇಕಾದ ಒತ್ತಡವಿಲ್ಲದ ಕಡೆ ಮಾತು ಸಲೀಸಾಗಿ ಬರುತ್ತದೆ.

ಮಾತಿಗೆ ಮೊದಲು ಗುಟ್ಟಿನ ಗಡಿಯನ್ನು ಹೇಳಿಬಿಡಬೇಕು. “ಅಪ್ಪಿ, ನೀನು ಹೇಳಿದ್ದನ್ನು ನಾನು ಊರಿಗೆಲ್ಲ ಹೇಳುವುದಿಲ್ಲ. ಆದರೆ ನಿನ್ನ ಜೀವಕ್ಕೆ ಅಪಾಯ ಇದೆ ಅಂತ ಕಂಡರೆ ಡಾಕ್ಟರಿಗೆ ಹೇಳಲೇಬೇಕಾಗ್ತದೆ” ಎಂದು ಶಿರಸಿಯ ತಾಯಿಯೊಬ್ಬರು ಮಗನಿಗೆ ಹೇಳಿದ ರೀತಿ ನನಗೆ ತುಂಬ ಸರಿ ಎನಿಸಿತು. ಎಲ್ಲವನ್ನೂ ಗುಟ್ಟಾಗಿಡುತ್ತೇನೆಂದು ಮಾತು ಕೊಟ್ಟು ಆಮೇಲೆ ಮುರಿಯುವುದಕ್ಕಿಂತ ಇದು ಎಷ್ಟೋ ಉತ್ತಮ.

ಪ್ರಶ್ನೆಗಳನ್ನು ಸ್ಟ್ಯಾಂಪಿನಿಂದ ಆರಂಭಿಸಬಾರದು. ಸಮಾಜ ತೀರ ಸಹಜವೆಂದು ಒಪ್ಪಿಕೊಂಡಿರುವ ವಸ್ತುವಿನಿಂದ ಆರಂಭಿಸಿ ಕ್ರಮೇಣ ಮುಂದೆ ಹೋಗಬೇಕು. ಕವಳ, ಅದರಲ್ಲಿ ತಂಬಾಕು ಇದೆಯೇ ಎಂಬುದು, ಗುಟ್ಕಾ, ಸಿಗರೇಟು, ವೇಪ್. ನಂತರ ಬಿಯರ್, ಗೋವಾದಿಂದ ಬಂದ ಮದ್ಯ, ಫೆನಿ. ನಂತರ ಗಾಂಜಾ ಮತ್ತು ಭಂಗಿ. ನಂತರ ಮೂಸುವ ವಸ್ತುಗಳು. ನಂತರ ನಿದ್ರೆಯ, ನೋವಿನ, ಕೆಮ್ಮಿನ ಔಷಧಗಳು. ಕೊನೆಗೆ ಸ್ಟ್ಯಾಂಪ್, ಅಣಬೆ, ಎಂಡಿಎಂಎ (ಎಕ್ಸ್ಟಸಿ ಎಂದೂ ಕರೆಯುವ ಉತ್ತೇಜಕ ಮಾದಕ), ದತ್ತೂರ. “ಕುಡೀತೀಯಾ?” ಎಂದು ಕೇಳಿದರೆ “ಇಲ್ಲ” ಎಂಬ ಒಂದೇ ಉತ್ತರ ಬರುತ್ತದೆ. “ಮೊದಲ ಸಲ ರುಚಿ ನೋಡಿದ್ದು ಯಾವಾಗ?” ಎಂದು ಕೇಳಿದರೆ ಒಂದು ಕಥೆ ಬರುತ್ತದೆ, ಆ ಕಥೆಯೊಳಗೆ ಉಳಿದದ್ದೆಲ್ಲ ಇರುತ್ತದೆ.

ಪ್ರತಿ ವಸ್ತುವಿಗೂ ಶುರುವಾದ ವಯಸ್ಸು, ಕೊನೆಯ ಸಲ ಬಳಸಿದ ದಿನ, ಕಳೆದ 30 ದಿನಗಳಲ್ಲಿ ಎಷ್ಟು ದಿನ, ಯಾರ ಜೊತೆ, ಒಬ್ಬನೇ ಇದ್ದಾಗಲೂ ಬಳಸುತ್ತಾನೆಯೇ, ಬೇರೆ ಯಾವುದರ ಜೊತೆಗೆ ಎಂಬುದನ್ನು ಕೇಳಿಕೊಳ್ಳಬೇಕು. ಇವೆಲ್ಲಕ್ಕಿಂತ ಬೆಲೆಯುಳ್ಳದ್ದು ‘ಏತಕ್ಕೆ’ ಎಂಬ ಪ್ರಶ್ನೆ. ಸ್ಟ್ಯಾಂಪಿನ ಕಳವಳ ಇಳಿಸಲು ಗಾಂಜಾ, ಎಂಡಿಎಂಎಯ ಮರುದಿನದ ಮಂಕು ಹೋಗಲು ಬಿಯರ್, ಗಾಂಜಾ ಸಿಗದ ರಾತ್ರಿ ನಿದ್ದೆಗಾಗಿ ಮಾತ್ರೆ ಎನ್ನುವಂತೆ ಒಂದು ವಸ್ತು ಇನ್ನೊಂದಕ್ಕೆ ಔಷಧವಾಗಿ ಬಳಕೆಯಾಗತೊಡಗಿದಾಗ ಅವು ಕೊಂಡಿಕೊಂಡಿಯಾಗಿ ಸೇರಿಕೊಂಡಿವೆ ಎಂದೇ ತಿಳಿಯಬೇಕು.

ನಾನು ಕೇಳಿದ ಉತ್ತರಗಳನ್ನು ಒಂದು ಉದ್ದನೆಯ ಗೆರೆಯ ಮೇಲೆ, ವಯಸ್ಸಿನ ಪ್ರಕಾರ, ಮಗುವಿನ ಕೈಯಿಂದಲೇ ಬರೆಸುತ್ತೇನೆ. ಹದಿನೇಳರ ಹುಡುಗನೊಬ್ಬ ಹಾಗೆ ಬರೆದಾಗ 13ರಲ್ಲಿ ತಂಬಾಕಿನ ಕವಳ, 14ರಲ್ಲಿ ಬಿಯರ್, 15ರಿಂದ ಗಾಂಜಾ, ಒಂದು ವರ್ಷದಿಂದ ಗಾಂಜಾ ಪ್ರತಿದಿನ, ಸ್ಟ್ಯಾಂಪ್ ಒಟ್ಟು ಮೂರೇ ಸಲ ಎಂಬುದು ಕಂಡಿತು. ತನ್ನದೇ ಅಕ್ಷರವನ್ನು ನೋಡುತ್ತ ಅವನು ಬಹಳ ಹೊತ್ತು ಸುಮ್ಮನೆ ಕೂತ. ನಾನು ಅಂದು ಒಂದು ದೊಡ್ಡ ತಪ್ಪು ಮಾಡಿದೆ: ಮಾತ್ರೆಗಳ ಬಗ್ಗೆ ಕೇಳಲಿಲ್ಲ. ಮನೆಯಲ್ಲಿದ್ದ ನಿದ್ರೆಯ ಮಾತ್ರೆಯನ್ನು ಅವನು ತಿಂಗಳುಗಟ್ಟಲೆ ನುಂಗುತ್ತಿದ್ದ. ಮನೆಯವರು ಎಲ್ಲವನ್ನೂ ಒಮ್ಮೆಲೇ ಬೀಗ ಹಾಕಿಟ್ಟ ಕೆಲವೇ ದಿನಗಳಲ್ಲಿ ಅವನಿಗೆ ಸೆಳವು, ಅಂದರೆ ಫಿಟ್ಸ್, ಬಂತು. ಅವನು ಉಳಿದ, ಈಗ ಓದುತ್ತಿದ್ದಾನೆ. ಅಂದಿನಿಂದ ಮಾತ್ರೆಯ ಪ್ರಶ್ನೆಯನ್ನು ಬಿಟ್ಟು ನಾನು ಯಾರನ್ನೂ ಮನೆಗೆ ಕಳಿಸಿಲ್ಲ.

ಶಾಲೆ, ಕಾಲೇಜುಗಳಲ್ಲಿ ಅಳತೆಗೋಲು ಬೇಕೆನ್ನುವವರಿಗೆ ಬೋಸ್ಟನ್ನಿನಲ್ಲಿ ರೂಪುಗೊಂಡ ‘ಕ್ರಾಫ್ಟ್’ ಎಂಬ ಪ್ರಶ್ನಾವಳಿ ಇದೆ. 12ರಿಂದ 21 ವರ್ಷದವರಿಗಾಗಿ ಮಾಡಿದ್ದು. ಅಮಲಿನಲ್ಲಿದ್ದವರು ಓಡಿಸಿದ ವಾಹನದಲ್ಲಿ ಕೂತದ್ದು, ಮನಸ್ಸು ಹಗುರವಾಗಲೆಂದು ಬಳಸಿದ್ದು, ಒಬ್ಬನೇ ಇದ್ದಾಗ ಬಳಸಿದ್ದು, ಮಾಡಿದ್ದು ಮರೆತುಹೋದದ್ದು, ಕಡಿಮೆ ಮಾಡೆಂದು ಮನೆಯವರು ಅಥವಾ ಗೆಳೆಯರು ಹೇಳಿದ್ದು, ತೊಂದರೆಗೆ ಸಿಕ್ಕಿಕೊಂಡದ್ದು ಎಂಬ ಆರು ಸಂಗತಿಗಳಲ್ಲಿ ಎರಡಕ್ಕೆ ‘ಹೌದು’ ಬಂದರೆ ಪೂರ್ಣ ತಪಾಸಣೆ ಬೇಕೆಂದು ಅರ್ಥ. ನಮ್ಮಲ್ಲಿ ಮೊದಲ ಪ್ರಶ್ನೆಯನ್ನು ಬೈಕಿಗೆ ಹೊಂದಿಸಿಕೊಂಡೇ ಕೇಳಬೇಕು; ಗೋಕರ್ಣದಿಂದ ರಾತ್ರಿ 66ನೇ ಹೆದ್ದಾರಿಗೆ ಬಂದು ಮೂವರು ಒಂದೇ ಬೈಕಿನಲ್ಲಿ ಮರಳುವುದು ಯಾವ ಮಾದಕಕ್ಕೂ ಕಡಿಮೆಯಲ್ಲದ ಅಪಾಯ.

ಅಂಗಡಿಯಿಂದ ಮೂತ್ರ ಪರೀಕ್ಷೆಯ ಪಟ್ಟಿ ತಂದು ಮನೆಯಲ್ಲೇ ಪರೀಕ್ಷಿಸುವುದನ್ನು ನಾನು ಒಪ್ಪುವುದಿಲ್ಲ. ಸಾಮಾನ್ಯ ಪಟ್ಟಿಗಳಲ್ಲಿ ಎಲ್‌ಎಸ್‌ಡಿ ಕಾಣುವುದೇ ಇಲ್ಲ, ನಿತ್ಯ ಸೇದುವವರಲ್ಲಿ ಗಾಂಜಾ ಬಿಟ್ಟು ವಾರಗಳಾದರೂ ಕಾಣುತ್ತದೆ. ಹೀಗಾಗಿ ಅದು ಅಪಾಯವನ್ನು ಮರೆಮಾಚಿ, ಬಿಡಲು ಹೊರಟವನನ್ನು ಸುಳ್ಳುಗಾರನನ್ನಾಗಿ ಮಾಡುತ್ತದೆ.

ಯಾವುದರ ಜೊತೆ ಯಾವುದು ಅಪಾಯ

ಸ್ಟ್ಯಾಂಪಿನ ಮೇಲೆ ಗಾಂಜಾ ಸೇದಿದರೆ ಕಳವಳ, ಭಯ, ಅನುಮಾನ ಹೆಚ್ಚಾಗಬಹುದು. ಮನೆತನದಲ್ಲಿ ಸ್ಕಿಜೋಫ್ರೇನಿಯಾ ಅಥವಾ ಬೈಪೋಲಾರ್ ಕಾಯಿಲೆ ಇದ್ದ ಮಗುವಿಗೆ ಇವೆರಡೂ ವಿಶೇಷವಾಗಿ ಅಪಾಯಕರ; ಆ ಮಾಹಿತಿಯನ್ನು ಮಾನಕ್ಕಂಜಿ ಮುಚ್ಚಿಡದೆ ವೈದ್ಯರಿಗೆ ಹೇಳಿ. ಎಂಡಿಎಂಎ ಮೈಯ ತಾಪವನ್ನು ಏರಿಸುತ್ತದೆ. ಮದ್ಯ ಸೇರಿದರೆ ನೀರಿನಂಶ ಬತ್ತುತ್ತದೆ, ಹೆದರಿ ಒಂದೇ ಸಮನೆ ನೀರು ಕುಡಿದರೆ ರಕ್ತದ ಸೋಡಿಯಂ ಇಳಿದು ಅದೂ ಜೀವಕ್ಕೆ ಎರವಾಗಬಹುದು. ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳು, ಟ್ರಾಮಡಾಲ್ ಎಂಬ ನೋವಿನ ಮಾತ್ರೆ ಎಂಡಿಎಂಎಯೊಡನೆ ಸೇರಿದರೆ ಮಿದುಳಿನ ಸೆರೊಟೋನಿನ್ ಎಂಬ ರಾಸಾಯನಿಕ ವಿಪರೀತವಾಗಿ ಜ್ವರ, ನಡುಕ, ಸೆಳೆತ ಬರಬಹುದು. ಬೈಪೋಲಾರ್ ಕಾಯಿಲೆಗೆ ಕೊಡುವ ಲಿಥಿಯಂ ಸೇವಿಸುವವರು ಎಲ್‌ಎಸ್‌ಡಿ ಅಥವಾ ಅಣಬೆ ತೆಗೆದುಕೊಂಡಾಗ ಸೆಳವು ಬಂದ ಉದಾಹರಣೆಗಳಿವೆ. ಮದ್ಯ, ನಿದ್ರೆಯ ಮಾತ್ರೆ, ಓಪಿಯಾಯ್ಡ್ ಜಾತಿಯ (ಅಫೀಮಿನಂತೆ ಕೆಲಸ ಮಾಡುವ) ನೋವಿನ ಮಾತ್ರೆ ಒಟ್ಟುಗೂಡಿದರೆ ಉಸಿರೇ ನಿಲ್ಲಬಹುದು. ಸ್ಟ್ಯಾಂಪ್ ಎಂದು ಕೊಟ್ಟದ್ದರಲ್ಲಿ ಎನ್‌ಬೋಮ್ ಎಂಬ ವರ್ಗದ ರಾಸಾಯನಿಕ ಇದ್ದು ಸಾವು ಸಂಭವಿಸಿದ್ದು ಬೇರೆ ದೇಶಗಳಲ್ಲಿ ದಾಖಲಾಗಿದೆ. ಕಾಗದ ನೋಡಿ ಒಳಗಿರುವುದೇನೆಂದು ಯಾರೂ ಹೇಳಲಾರರು.

ಬೇಲಿಯಲ್ಲಿ ಬೆಳೆಯುವ ದತ್ತೂರವನ್ನು ‘ನೈಸರ್ಗಿಕ’ ಎಂದು ತಿಂದವರ ಸ್ಥಿತಿ ಬೇರೆಯೇ. ಬಾಯಿ ಒಣಗಿ, ಮೈ ಕಾದು, ಮೂತ್ರ ಕಟ್ಟಿ, ಎದುರಿಗಿಲ್ಲದವರೊಡನೆ ಮಾತನಾಡುತ್ತಾರೆ. ಇದು ಒಂದು ದಿನಕ್ಕೂ ಮೀರಿ ಇರಬಹುದು. ಮನೆಮದ್ದಿಗೆ ಹೊತ್ತು ಕಳೆಯದೆ ಆಸ್ಪತ್ರೆಗೆ ಒಯ್ಯಬೇಕು.

ಮಗು ಭ್ರಮೆಯಲ್ಲಿ ಹೆದರಿಕೊಂಡಿದ್ದರೆ ದೀಪ ಮಂದ ಮಾಡಿ, ಟಿವಿ ಆರಿಸಿ, ಒಬ್ಬರೇ ಪಕ್ಕದಲ್ಲಿ ಕೂತು, “ನೀನು ಮನೆಯಲ್ಲಿದ್ದೀಯ, ತೆಗೆದುಕೊಂಡದ್ದರಿಂದ ಹೀಗಾಗ್ತಾ ಇದೆ, ಇಳಿಯುತ್ತದೆ” ಎಂದು ಮೆಲ್ಲಗೆ ಹೇಳುತ್ತಿರಿ. ಕಟ್ಟಿಹಾಕಬೇಡಿ, ಹೊಡೆಯಬೇಡಿ, ಬಾವಿ, ಮಹಡಿ, ಸಮುದ್ರದಂಡೆಗಳಿಂದ ದೂರವಿಡಿ. ಪ್ರಜ್ಞೆ ತಪ್ಪಿದರೆ, ಸೆಳವು ಬಂದರೆ, ಮೈ ಸುಡುತ್ತಿದ್ದರೆ, ಉಸಿರು ನಿಧಾನವಾದರೆ, ಎದೆನೋವು ಬಂದರೆ, ಸಾಯುವ ಮಾತಾಡಿದರೆ ಒಡನೆ 108ಕ್ಕೆ ಕರೆಮಾಡಿ. ಪ್ರಜ್ಞೆ ಇಲ್ಲದೆ ಉಸಿರಾಡುತ್ತಿರುವವರನ್ನು ಒಂದು ಮಗ್ಗುಲಿಗೆ ಮಲಗಿಸಿ. ಮಜ್ಜಿಗೆ, ಲಿಂಬೆರಸ ಕುಡಿಸಲು ಹೋಗಬೇಡಿ. ಏನೇನು ತೆಗೆದುಕೊಂಡಿದ್ದಾನೆಂದು ಗೊತ್ತಿರುವ ಗೆಳೆಯನನ್ನು ಬೈದು ಓಡಿಸದೆ ಜೊತೆಗೆ ಕರೆದೊಯ್ಯಿರಿ.

ಯಾವುದನ್ನು ಒಮ್ಮೆಲೇ ನಿಲ್ಲಿಸಬಹುದು

ಸ್ಟ್ಯಾಂಪ್, ಅಣಬೆಗಳನ್ನು ಇಂದೇ ನಿಲ್ಲಿಸಬಹುದು. ಗಾಂಜಾವನ್ನೂ ನಿಲ್ಲಿಸಬಹುದು, ಆದರೆ ನಿತ್ಯ ಸೇದುತ್ತಿದ್ದವನಿಗೆ ಒಂದರಿಂದ ಮೂರು ದಿನದೊಳಗೆ ಸಿಡುಕು, ನಿದ್ದೆಗೇಡು, ಹಸಿವಿಲ್ಲದಿರುವುದು ಶುರುವಾಗಿ ಎರಡು ವಾರದವರೆಗೂ ಇರಬಹುದು. ಆ ಸಿಡುಕನ್ನು ಅಹಂಕಾರವೆಂದು ತಿಳಿದು ಮನೆಯವರು ಜಗಳಕ್ಕಿಳಿಯುವುದು, ಅವನು ಪುನಃ ಸೇದಲು ಹೋಗುವುದು ನಾನು ಅತಿ ಹೆಚ್ಚು ಕಂಡ ಸೋಲು. ಕ್ಯಾಲೆಂಡರಿನಲ್ಲಿ ಆ 14 ದಿನಗಳನ್ನು ಮೊದಲೇ ಗುರುತು ಹಾಕಿಟ್ಟುಕೊಳ್ಳಿ. ಮದ್ಯ ಮತ್ತು ನಿದ್ರೆಯ ಮಾತ್ರೆಗಳನ್ನು ಪ್ರತಿದಿನ ಬಳಸುತ್ತಿದ್ದರೆ ಮಾತ್ರ ವೈದ್ಯರಿಲ್ಲದೆ ಒಮ್ಮೆಲೇ ನಿಲ್ಲಿಸಕೂಡದು. ಮದ್ಯ ಬಿಟ್ಟ ಮೊದಲ ಎರಡು ದಿನಗಳಲ್ಲಿ ಸೆಳವು, ಎರಡರಿಂದ ನಾಲ್ಕನೆಯ ದಿನದಲ್ಲಿ ಸನ್ನಿ ಬರುವ ಸಂಭವವಿದೆ.

ಭ್ರಮಾಜನಕದ ವ್ಯಸನವನ್ನು ಬಿಡಿಸುವ ಔಷಧವೆಂದು ಸಾಬೀತಾದ ಮಾತ್ರೆ ಯಾವುದೂ ಇಲ್ಲ. ಕೆಲಸ ಮಾಡುವುದು ಮಾತಿನ ಚಿಕಿತ್ಸೆ, ಕುಟುಂಬದೊಡನೆ ಕೂಡಿ ನಡೆಸುವ ಚಿಕಿತ್ಸೆ, ಮತ್ತು ಜೊತೆಗಿರುವ ಖಿನ್ನತೆ, ಕಳವಳ, ಗಮನದ ಕೊರತೆಗಳ ಉಪಚಾರ. ಮೊದಲು ಗಾಂಜಾ ಬಿಡಲಿ, ಖಿನ್ನತೆಯನ್ನು ಆಮೇಲೆ ನೋಡೋಣ ಎಂದು ಸರದಿಯಲ್ಲಿ ನಿಲ್ಲಿಸುವುದಕ್ಕಿಂತ ಎಲ್ಲವನ್ನೂ ಒಂದೇ ತಂಡ ಒಟ್ಟಿಗೆ ನೋಡುವುದು ಮೇಲು. ಬಿಟ್ಟ ಮೇಲೂ ಗೋಡೆ ಅಲುಗಿದಂತೆ, ದೀಪದ ಸುತ್ತ ಬಣ್ಣ ಮೂಡಿದಂತೆ ವಾರಗಟ್ಟಲೆ ಕಂಡರೆ ಅದನ್ನೂ ಹೇಳಬೇಕು. ಅದಕ್ಕೆ ವೈದ್ಯಕೀಯದಲ್ಲಿ ಹೆಸರಿದೆ, ಮಗು ನಟಿಸುತ್ತಿಲ್ಲ.

ಎಲ್ಲಿಗೆ ಹೋಗುವುದು

ಘಟ್ಟದ ಮೇಲಿನವರಿಗೂ ಕೆಳಗಿನವರಿಗೂ ದೂರವೇ ಮೊದಲ ಅಡ್ಡಿ, ಆದ್ದರಿಂದ ಫೋನಿನಿಂದ ಆರಂಭಿಸಿ. 14416 ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ, 14446 ರಾಷ್ಟ್ರೀಯ ವ್ಯಸನಮುಕ್ತಿ ಸಹಾಯವಾಣಿ, 1098 ಮಕ್ಕಳ ಸಹಾಯವಾಣಿ, ಮೂರೂ ಉಚಿತ. ತಾಲ್ಲೂಕು ಆಸ್ಪತ್ರೆಯಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವೈದ್ಯರು ಯಾವ ದಿನ ಬರುತ್ತಾರೆಂದು ವಿಚಾರಿಸಿಕೊಂಡೇ ಹೊರಡಿ. ಹೆಚ್ಚಿನ ತಪಾಸಣೆಗೆ ಕರಾವಳಿಯವರಿಗೆ ಕಾರವಾರದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಶಿರಸಿ, ಸಿದ್ದಾಪುರ, ಯಲ್ಲಾಪುರದವರಿಗೆ ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ (ಹಿಂದಿನ ಕಿಮ್ಸ್) ಅಥವಾ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಅನುಕೂಲ; ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ಕೇಂದ್ರವಿದೆ. ಖಾಸಗಿ ವ್ಯಸನಮುಕ್ತಿ ಕೇಂದ್ರಕ್ಕೆ ಸೇರಿಸುವುದಾದರೆ ನೋಂದಣಿ ಪತ್ರ ಕೇಳಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ 18 ತುಂಬದವರನ್ನು ವಯಸ್ಕರಿಂದ ಬೇರೆಯಾಗಿಯೇ ಇರಿಸಬೇಕು, ಸರಪಳಿ ಹಾಕುವುದು ನಿಷಿದ್ಧ. ದೊಡ್ಡ ಕುಡುಕರ ನಡುವೆ ಹದಿನಾರರ ಹುಡುಗನನ್ನು ಬಿಟ್ಟುಬರಬೇಡಿ.

ಪೊಲೀಸರ ಹೆದರಿಕೆಯಿಂದ ಚಿಕಿತ್ಸೆಯನ್ನೇ ತಪ್ಪಿಸುವವರಿದ್ದಾರೆ. ಮಾದಕವಸ್ತುಗಳಿಗೆ ಸಂಬಂಧಿಸಿದ 1985ರ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಮು, ಸೇವನೆ ಅಥವಾ ಅಲ್ಪ ಪ್ರಮಾಣದ ಆರೋಪವಿದ್ದು ತಾನಾಗಿ ಮಾನ್ಯ ಸಂಸ್ಥೆಯಲ್ಲಿ ಚಿಕಿತ್ಸೆ ಪಡೆಯುವ ವ್ಯಸನಿಗೆ ವಿಚಾರಣೆಯಿಂದ ವಿನಾಯಿತಿ ಕೊಡುತ್ತದೆ, ಚಿಕಿತ್ಸೆ ಪೂರ್ಣಗೊಳಿಸಬೇಕೆಂಬ ಷರತ್ತಿನೊಂದಿಗೆ. ಮಗುವಿಗೆ ಮದ್ಯ ಅಥವಾ ಮಾದಕ ಕೊಟ್ಟವರಿಗೆ 2015ರ ಬಾಲನ್ಯಾಯ ಕಾಯ್ದೆಯ 77ನೇ ಕಲಮಿನಲ್ಲಿ 7 ವರ್ಷದವರೆಗೆ ಕಠಿಣ ಸಜೆಯಿದೆ. ಮದುವೆಮನೆಯಲ್ಲಿ ತಮಾಷೆಗೆ ಗ್ಲಾಸು ಕೈಗಿಡುವ ಬಂಧುಗಳಿಗೆ ಇದನ್ನು ಓದಿ ಹೇಳಬೇಕೆಂದು ನನಗೆ ಬಹಳ ಸಲ ಅನಿಸಿದೆ.

ವೈದ್ಯರಲ್ಲಿಗೆ ಹೋಗುವಾಗ ಆ ಗೆರೆ ಎಳೆದ ಹಾಳೆಯನ್ನು, ಮನೆಯಲ್ಲಿರುವ ಎಲ್ಲರ ಮಾತ್ರೆಗಳ ಹೆಸರನ್ನು ಜೊತೆಗೊಯ್ಯಿರಿ. ಮಗುವನ್ನು ವೈದ್ಯರೊಡನೆ ಸ್ವಲ್ಪ ಹೊತ್ತು ಒಬ್ಬನೇ ಬಿಡಿ, ನೀವು ಹೊರಗೆ ಕೂತಿರಿ. ಮುಂದಿನ ಭೇಟಿಯ ದಿನ ಅಡಿಕೆ ಕೊಯ್ಲಿರಲಿ, ಪರೀಕ್ಷೆಯಿರಲಿ, ಜಾತ್ರೆಯಿರಲಿ, ಅದನ್ನು ತಪ್ಪಿಸಬೇಡಿ. ಹೋಗುವ ಮುಂಚಿನ ರಾತ್ರಿ ಅದೇ ಹಾಳೆಯನ್ನು ತೆಗೆದು, ಸ್ಟ್ಯಾಂಪಿನ ಸಾಲನ್ನಷ್ಟೇ ಅಲ್ಲದೆ ಕವಳದಿಂದ ಮಾತ್ರೆಯವರೆಗಿನ ಪ್ರತಿ ಸಾಲಿನಲ್ಲೂ ಕಳೆದ 30 ದಿನಗಳ ಲೆಕ್ಕವನ್ನು ಅವನ ಕೈಯಿಂದಲೇ ಪುನಃ ಬರೆಸಿ.